ಖಾಲಿ ಗಿರಣಿಗೆ ಎರಡು ಸೈನ್ಯ

ಆಸ್ಪತ್ರೆಯ ಹಿಂಭಾಗ, ಬಸ್ಸು ನಿಲ್ಲುವ ಜಾಗ
ಗುರುವಾರ, ಮಧ್ಯಾಹ್ನ

ಪ್ರೀತಿಯ ಮೊಂಡನಿಗೆ ಅಕ್ಕನ ಆಶೀರ್ವಾದ.

ದೇಶಕ್ಕೆಲ್ಲ ನೀನು ಮಹಾನಾಯಕ, ನನಗೆ ಮೊಂಡನೇ. ಓದಿ ಮುಖ ಊದಿಸಿಕೊಳ್ಳಬೇಡ. ನನ್ನನ್ನು ಈ ಊರಿನಿಂದ ಕರೆದೊಯ್ಯಲು ನೀನು ಕಳಿಸಿದ ಕಾರು ಬಂದಿದೆ. ಒಳ್ಳೆಯ ಕಾರು, ಮೆತ್ತನೆಯ ಸೀಟು. ನಾನು ಬರುವುದಿಲ್ಲ. ನನ್ನ ಬದಲು ಕಾಲು ಕಳೆದುಕೊಂಡ ಇಬ್ಬರನ್ನು ಅದರಲ್ಲಿ ಮಲಗಿಸಿ ಕಳಿಸುತ್ತೇನೆ, ಸೀಟು ಹಾಳಾದರೆ ಬೈದುಕೋ. ನಿನ್ನ ಕಾರ್ಯದರ್ಶಿ ಎದುರಿಗೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾ, "ಬೇಗ ಬರೀರಿ ಅಕ್ಕಾವ್ರೇ, ಕತ್ತಲಾದ್ರೆ ಆ ರಸ್ತೇಲಿ ಹೋಗಕ್ಕಾಗಲ್ಲ" ಎಂದು ಅವಸರ ಮಾಡುತ್ತಿದ್ದಾರೆ. ಪಾಪ, ಬೂಟಿಗೆ ರಕ್ತ ತಾಗಿತೆಂದು ಬಂದಾಗಿನಿಂದ ಒರೆಸಿಕೊಳ್ಳುತ್ತಲೇ ಇದ್ದಾರೆ.

ನಾನು ಮೊದಲು ಓಡಿಸುತ್ತಿದ್ದ ಶಾಲೆಯ ಬಸ್ಸನ್ನೇ ಈಗಲೂ ಓಡಿಸುತ್ತಿದ್ದೇನೆ. ಸೀಟು ಕಿತ್ತು ಹಲಗೆ ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ. ಆಸ್ಪತ್ರೆಯಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಆಸ್ಪತ್ರೆಗೆ. ಹೋಗುವಾಗ ಗಟ್ಟಿಮುಟ್ಟಾದವರು ಹಾಡು ಹೇಳುತ್ತಾ ಕೂತಿರುತ್ತಾರೆ, ಬರುವಾಗ ಅರ್ಧ ಜೀವದವರು ಅಮ್ಮನನ್ನು ಕರೆಯುತ್ತಿರುತ್ತಾರೆ.

ಆ ಗಿರಣಿಯೊಳಗಿನ ಕಥೆಯನ್ನು ನಿನ್ನ ಸುತ್ತ ಕೂತವರು ನಿನಗೆ ಹೇಳಿರಲಾರರು. ಕೆಳಗಿನ ಅಂತಸ್ತು ನಮ್ಮದು, ನಡುವಿನದು ಅವರದು, ಮೇಲಿನದು ಮತ್ತೆ ನಮ್ಮದು. ಮೆಟ್ಟಿಲ ಮೇಲೆ ಬಂದೂಕು ತಿರುಗಿಸಲು ಜಾಗವಿಲ್ಲ. ಸಲಿಕೆಯಿಂದ ಬಡಿಯುತ್ತಾರೆ, ಕಬ್ಬಿಣದ ಸರಳಿನಿಂದ ತಿವಿಯುತ್ತಾರೆ, ಕೈಗೆ ಏನೂ ಸಿಗದಿದ್ದರೆ ಕಚ್ಚುತ್ತಾರೆ. ಒಬ್ಬನ ಕಿವಿ ಇನ್ನೊಬ್ಬನ ಬಾಯಲ್ಲಿದ್ದದ್ದನ್ನು ನಾನೇ ಕಂಡಿದ್ದೇನೆ, ಇಬ್ಬರೂ ಸತ್ತಿದ್ದರು. ಕಾಳು ಸುರಿಯುವ ಕೊಳವೆಯೊಳಗೆ ಮೇಲಿನಿಂದ ಕೈಬಾಂಬು ಬಿಡುತ್ತಾರೆ. ಮೂಲೆಗಳಲ್ಲಿ ಕೂತ ಹಿಟ್ಟಿನ ಧೂಳಿಗೆ ಕಿಡಿ ತಗುಲಿದರೆ ಕೋಣೆಗೆ ಕೋಣೆಯೇ ಸಿಡಿಯುತ್ತದೆ. ಮೊನ್ನೆ ಹಾಗೇ ಆಯಿತು. ಹೊರಗೆ ಎಳೆದು ಹಾಕಿದವರಲ್ಲಿ ಯಾರು ನಮ್ಮವರು, ಯಾರು ಅವರ ಕಡೆಯವರು ಎಂದು ತಿಳಿಯಲಿಲ್ಲ. ಬಟ್ಟೆಯೂ ಚರ್ಮವೂ ಒಂದೇ ಆಗಿ ಹೋಗಿತ್ತು. ನೆಲದ ಹಿಟ್ಟಿಗೆ ರಕ್ತ ಸೇರಿ ಕಣಕದ ಹಾಗೆ ಚಪ್ಪಲಿಗೆ ಅಂಟುತ್ತದೆ. ಬ್ರೇಕ್ ತುಳಿದರೆ ಕಾಲು ಜಾರುತ್ತದೆ, ಕೆರೆದು ಕೆರೆದು ಸಾಕಾಗಿದೆ.

ಮೊನ್ನೆಯವರಲ್ಲಿ ಒಬ್ಬ ನನ್ನ ಬಸ್ಸಿನ ಹಳೆಯ ಗಿರಾಕಿ. ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಗಲಾಟೆ ಮಾಡುತ್ತಿದ್ದ ತರಲೆ. ದಿನಾ ಕನ್ನಡಿಯಲ್ಲಿ ನೋಡಿ, "ಬಾಯ್ಮುಚ್ಕೊಂಡು ಕೂತ್ಕೋ" ಎಂದು ಗದರುತ್ತಿದ್ದೆ. ಅವನಿಗೆ ಕೆಳದವಡೆಯೇ ಇರಲಿಲ್ಲ. ನನ್ನ ಗುರುತು ಹಿಡಿದು ಕೈ ಎತ್ತಿದ. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಮುಗಿದಿತ್ತು. ನಾನು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡು ಅತ್ತೆ ಕಣೋ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇಷ್ಟಕ್ಕೂ ಅಲ್ಲಿ ಏನಿದೆ? ಹಿಡಿ ಕಾಳಿಲ್ಲ. ಹೆಗ್ಗಣಗಳೂ ಬಿಟ್ಟು ಹೋಗಿವೆ, ಅವಕ್ಕೆ ನಮಗಿಂತ ಬುದ್ಧಿ ಇದೆ. ಅದರಾಚೆ ಸೇತುವೆಯಿಲ್ಲ, ಹೆದ್ದಾರಿಯಿಲ್ಲ. ಯುದ್ಧದ ಮೊದಲ ವಾರ ನೀನು ಅದರ ಚಾವಣಿ ಹತ್ತಿ ಬಾವುಟ ಹಿಡಿದು ನಿಂತೆ, ಯಾರೋ ಫೋಟೋ ತೆಗೆದರು. ಅದು ಶಾಲೆಯ ಗೋಡೆಗೆ ಬಂತು, ಅಂಚೆಚೀಟಿಗೆ ಬಂತು, ಬ್ರೆಡ್ಡಿನ ಪೊಟ್ಟಣಕ್ಕೂ ಬಂತು. ಫೋಟೋ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ನಿನ್ನ ಬೋಳು ತಲೆಯ ನಾಲ್ಕು ಕೂದಲೂ ಗಾಳಿಗೆ ವೀರರ ಹಾಗೆ ಎದ್ದು ನಿಂತಿವೆ. ಆದರೆ ಮೂಗಿಗಿಂತ ಮೂಗುತಿ ಭಾರವಾಯಿತಲ್ಲೋ.

ಎದುರಾಳಿಗಳ ಕಡೆಯ ಗಾಯಾಳು ಒಬ್ಬನಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು. ನಿಮಗೆ ಆ ಪಾಳು ಕಟ್ಟಡ ಯಾಕಪ್ಪಾ ಎಂದು ಕೇಳಿದೆ. "ಇಷ್ಟು ಜನ ಸತ್ರೂ ನೀವು ಬಿಡ್ತಿಲ್ಲ ಅಂದ್ರೆ ಒಳಗೆ ಏನೋ ದೊಡ್ಡದೇ ಇರಬೇಕು ಅಂತಾರೆ ನಮ್ಮ ಸಾಹೇಬ್ರು" ಎಂದ. ನಗಬೇಕೋ ಅಳಬೇಕೋ ಹೇಳು. ನೀನು ಬಿಡುವುದಿಲ್ಲ ಎಂದು ಅವರು ಬಿಡುತ್ತಿಲ್ಲ, ಅವರು ಬಿಡುವುದಿಲ್ಲ ಎಂದು ನೀನು ಬಿಡುತ್ತಿಲ್ಲ.

ನಿನಗೆ ತಲೆ ಕೆಟ್ಟಿದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಡಾಕ್ಟರು ನನ್ನ ಮುಂದೆಯೇ ಅಂದಾಗ ಜಗಳಕ್ಕೇ ಹೋದೆ. ನನ್ನ ತಮ್ಮ ಹುಚ್ಚನಲ್ಲ, ಚಿಕ್ಕಂದಿನಿಂದಲೂ ಲಾಭ ನಷ್ಟ ನೋಡದೆ ಹೆಜ್ಜೆ ಇಟ್ಟವನಲ್ಲ, ಏನೋ ಕಾರಣ ಇರುತ್ತದೆ ಎಂದೆ. ಈಗ ತಾನೇ ನಿನ್ನ ಕಾರ್ಯದರ್ಶಿಯನ್ನು ಕೂರಿಸಿಕೊಂಡು ಆ ಕಾರಣ ಕೇಳಿದೆ. ದೇಶದ ಮಾನ, ಸೈನಿಕರ ಸ್ಥೈರ್ಯ ಎಂದು ಸುತ್ತಿ ಬಳಸಿ ಮಾತಾಡಿದರು. ನಾನು ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟರು: "ಗಿರಣಿ ಹೋದ ದಿನ ನಮ್ಮ ಸೇನಾಪತಿಗಳೇ ಸಾಹೇಬ್ರ ಕುರ್ಚಿ ಕಿತ್ಕೋತಾರೆ. ಹಿಂದಿನ ಸಾಹೇಬ್ರಿಗೆ ಏನಾಯ್ತು ಅಂತ ನಿಮಗೇ ಗೊತ್ತಲ್ಲ."

ಗೊತ್ತು. ಅಂಗಳದ ಗೋಡೆಗೆ ಒರಗಿಸಿ ಗುಂಡು ಹೊಡೆದರು, ಹೆಂಡತಿಯನ್ನೂ ಬಿಡಲಿಲ್ಲ. ಗಿರಣಿ ಹೋದರೆ ನಿನಗೂ ಅದೇ ಗತಿ ಎಂದು ಕೇಳಿ ನನ್ನ ಕೈಯ ಲೋಟ ಜಾರಿ ಬಿತ್ತು. ಕಾರ್ಯದರ್ಶಿ ಗಾಬರಿಯಾಗಿ ನೀರು ತಂದುಕೊಟ್ಟರು.

ಹಾಗಾದರೆ ನೀನು ಹುಚ್ಚನಲ್ಲ. ನಿನ್ನ ಒಂದು ಕುತ್ತಿಗೆ ಉಳಿಯಬೇಕಾದರೆ ದಿನಾ ಇಷ್ಟು ಕುತ್ತಿಗೆ ಬೀಳಬೇಕು ಎಂಬ ಲೆಕ್ಕ. ಹುಚ್ಚೇ ಆಗಿದ್ದರೆ ಚೆನ್ನಾಗಿತ್ತು ಅನಿಸುತ್ತಿದೆ. ಹುಲಿಯ ಮೇಲೆ ಕೂತವನು ಇಳಿಯುವ ಹಾಗಿಲ್ಲ, ಒಪ್ಪಿದೆ. ಆದರೆ ಆ ಹುಲಿಗೆ ಹಾಕುತ್ತಿರುವುದು ಯಾರ ಮನೆಯ ಮಕ್ಕಳನ್ನು? ನಿನ್ನ ಮಗ ಅಲ್ಲಿಲ್ಲ, ನನ್ನ ಮಗಳೂ ಇಲ್ಲ.

ನಿನ್ನ ಮೇಲೆ ಎಷ್ಟು ಸಿಟ್ಟಿದೆಯೆಂದರೆ, ಎದುರಿಗೆ ಸಿಕ್ಕರೆ ಕೆನ್ನೆಗೆ ಬಾರಿಸುತ್ತಿದ್ದೆ. ಆದರೂ ಆ ತರಲೆ ಹೋದರೆ ಹೋಗಲಿ, ನನ್ನ ತಮ್ಮ ಬದುಕಿರಲಿ ಎಂದು ಹೊಟ್ಟೆಯ ಯಾವುದೋ ಮೂಲೆ ಹೇಳುತ್ತದೆ. ಆ ಮೂಲೆಗೆ ಬೆಂಕಿ ಬೀಳಲಿ. ಗಿರಣಿ ಬಿಟ್ಟುಬಿಡು ಎಂದು ಬೇಡಿಕೊಂಡು ಬರೆಯಬೇಕೆಂದಿದ್ದೆ. ಈಗ ಆ ಮಾತು ಬರೆಯಲು ಕೈ ಬರುತ್ತಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ.: ನಿನಗೆ ಬರುವ ಕಾಗದವನ್ನೆಲ್ಲ ಕಾರ್ಯದರ್ಶಿ ಮೊದಲು ಓದಬೇಕಂತೆ. ಮೇಲಿನದನ್ನು ಓದಿ ಹಿಂದಕ್ಕೆ ಕೊಟ್ಟು, ಗಾಯಾಳುಗಳನ್ನು ಕಾರಿಗೆ ಹತ್ತಿಸಲು ಹೋಗಿದ್ದಾರೆ. ಅವರು ಬರುವುದರೊಳಗೆ ಇಷ್ಟು ಬರೆದು ಲಕೋಟೆ ಅಂಟಿಸುತ್ತೇನೆ. ಗಿರಣಿಯಲ್ಲಿ ಈಗ ನಮ್ಮವರು ಯಾರೂ ಇಲ್ಲ, ಮೇಲೆ ಇನ್ನೂ ಇರುವ ಹಾಗೆ ಬರೆದದ್ದು ಅವರ ಕಣ್ಣಿಗೆ. ಇವತ್ತು ಬೆಳಿಗ್ಗೆ ನಾನೇ ಹೋಗಿ, ನನ್ನ ತಮ್ಮ ಫೋನ್ ಮಾಡಿದ್ದ, ಎಲ್ಲರೂ ಹೊರಡಬೇಕಂತೆ ಎಂದು ಅಲ್ಲಿನ ದಳದ ನಾಯಕನಿಗೆ ಹೇಳಿದೆ. ಊರಿನ ಫೋನ್ ತಂತಿ ಕಡಿದು ವಾರವಾಗಿದೆ ಎಂದು ಅವನಿಗೂ ಗೊತ್ತು. ನನ್ನ ಮುಖ ನೋಡಿದ, ತಿರುಗಿ "ಸಾಹೇಬ್ರ ಅಪ್ಪಣೆ ಆಗಿದೆ, ಹೊರಡ್ರೋ" ಎಂದು ಕೂಗಿದ. ಮೇಲಿನ ಅಂತಸ್ತಿನವರು ಹಿಂದಿನ ಗೋಡೆಗೆ ಹಗ್ಗ ಬಿಟ್ಟು ಇಳಿದರು, ಬದುಕಿದ್ದವರೆಲ್ಲ ಚರಂಡಿ ಹಿಡಿದು ಆಚೆ ಬಂದರು. ನಿನಗೆ ಸಿಟ್ಟು ಬಂದೀತು, ಬೈದೀಯೆ ಎಂದಷ್ಟೇ ಅಂದುಕೊಂಡಿದ್ದೆ. ನಿನ್ನ ಜೀವಕ್ಕೆ ಬರುತ್ತದೆಂದು ತಿಳಿದದ್ದು ಆಮೇಲೆ.

ಇದರ ಜೊತೆ ಒಂದು ಚೀಟಿ ಮಡಚಿ ಇಟ್ಟಿದ್ದೇನೆ. ನಿನ್ನ ಹೆಸರಿನಲ್ಲಿ ಸುಳ್ಳು ಅಪ್ಪಣೆ ಕೊಟ್ಟವಳು ನಾನೇ, ನಿನಗೂ ದಳದ ನಾಯಕನಿಗೂ ಏನೂ ಗೊತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ಬೇರೆಯವರಿಂದ ಸುದ್ದಿ ಮುಟ್ಟುವ ಮೊದಲೇ ಅದನ್ನು ನೀನೇ ಸೇನಾಪತಿಗಳ ಮುಂದಿಟ್ಟು, ನನ್ನನ್ನು ಹಿಡಿಯಲು ನಿನ್ನ ಬಾಯಿಂದಲೇ ಅಪ್ಪಣೆ ಕೊಡು. ಈ ಕಾಗದವನ್ನು ಸುಟ್ಟುಬಿಡು. ನಾನು ಎಲ್ಲಿಗೂ ಹೋಗುವುದಿಲ್ಲ, ಬಸ್ಸಿನಲ್ಲೇ ಇರುತ್ತೇನೆ. ಗೋಡೆಗೆ ನಿಲ್ಲಿಸುವ ದಿನ ನೀನು ಮಾತ್ರ ಬರಬೇಡ. ರಕ್ತ ಕಂಡರೆ ನಿನಗೆ ತಲೆ ಸುತ್ತುತ್ತದೆ.