ಚಪ್ಪಲಿಗಳ ಮುಖ

ಬ್ಲಿತಾರ್, ಇಂಡೋನೇಷ್ಯಾ,
ಗುರುವಾರ, 16 ಸೆಪ್ಟೆಂಬರ್ 2004

ಹಾಂಗ್‌ಕಾಂಗ್‌ನಲ್ಲಿರುವ ನನ್ನ ಪ್ರೀತಿಯ ತುಮಿನಾ ಅಕ್ಕನಿಗೆ ತಮ್ಮನ ಸಲಾಮು.

ನಿನ್ನ ಮಂಡಿನೋವು ಹೇಗಿದೆ? ನೀನು ನೋಡಿಕೊಳ್ಳುವ ಅಜ್ಜಿ ಈಗಲೂ ನಿನ್ನ ಕೈಯಡುಗೆಯೇ ಬೇಕೆಂದು ಹಟ ಹಿಡಿಯುತ್ತಾರಾ? ಹಿಡಿಯಲಿ ಬಿಡು, ಆ ರುಚಿ ನಮಗೂ ಗೊತ್ತು. ಇಲ್ಲಿ ನಾನು ಶೇಂಗಾ ಚಟ್ನಿ ಅರೆದರೆ ನಿನ್ನ ಮಗಳು, "ಮಾಮಾ, ಇದನ್ನ ಸೊಪ್ಪಿಗೆ ಹಾಕೋದಾ, ಗೋಡೆಗೆ ಬಳಿಯೋದಾ?" ಅನ್ನುತ್ತಾಳೆ. ಅಂದಮೇಲೆ ಆರೋಗ್ಯವಾಗಿದ್ದಾಳೆ ಎಂದೇ ತಿಳಿ.

ಸುದ್ದಿಯೂ ನಿನ್ನ ಕಿನಾಂತಿಯದೇ. ನಮ್ಮ ಹೈಸ್ಕೂಲಿನಲ್ಲಿ ಮಧ್ಯಾಹ್ನದ ನಮಾಜು ಎಲ್ಲರೂ ಒಟ್ಟಿಗೆ. ಮುಟ್ಟಾದ ಹುಡುಗಿಯರು ಮಾತ್ರ 'ರಜೆ' ಅಂದು ಜಗಲಿಯಲ್ಲಿ ಕೂರುತ್ತಾರೆ. ಈ ಸಲ ನಿನ್ನ ಮಗಳ ರಜೆ ಮುಗಿಯಲೇ ಇಲ್ಲ, ಸರ್ಕಾರಿ ನೌಕರನಾದ ನನಗೇ ಹೊಟ್ಟೆಕಿಚ್ಚಾಗುವಷ್ಟು! ಇಂದಾ ಟೀಚರಿಗೆ ರೇಗಿತು. "ಧರ್ಮಪಾಠದ ಮೇಷ್ಟ್ರ ಅಕ್ಕನ ಮಗಳೇ ಹೀಗಾ! ಎಲ್ಲರೆದುರು ನಿಲ್ಲಿಸಿ ಕೇಳ್ತೀನಿ." ರಜೆಯನ್ನ ಸಜೆ ಮಾಡೋದು ಬೇಡ ಮೇಡಂ, ಎಂದೆ. ನಾಚಿಕೆಯಿಂದ ತಗ್ಗಿದ ತಲೆ ದೇವರ ಮುಂದೆ ಬಾಗುತ್ತದೆಯೇ, ಅಕ್ಕಾ? ನನ್ನ ಪಠ್ಯಪುಸ್ತಕದಲ್ಲಿ ಸನ್ನಡತೆಗೆ ಒಂದು ಅಧ್ಯಾಯವಿದೆ, ಓದಿಸಿ ಮುಗಿಸಬಹುದು. ಹುಡುಗಿಯರನ್ನು ಹಾಗೆ ಓದಿಸಿ ಮುಗಿಸಲಾಗುವುದಿಲ್ಲ.

ಜಗಲಿಯಲ್ಲಿ ಅವಳ ಪಕ್ಕದಲ್ಲೇ ಬಗ್ಗಿ, ಮಕ್ಕಳು ಚೆಲ್ಲಾಪಿಲ್ಲಿ ಬಿಟ್ಟಿದ್ದ ಚಪ್ಪಲಿ ಜೋಡಿಸತೊಡಗಿದೆ. ಮುಖ ಹೊರಕ್ಕೆ, ಚಿಕ್ಕಂದಿನಲ್ಲಿ ನಾವಿಬ್ಬರೂ ಮಸೀದಿಯ ಬಾಗಿಲಲ್ಲಿ ಗುರುಗಳ ಚಪ್ಪಲಿ ತಿರುಗಿಸಿಡುತ್ತಿದ್ದ ಹಾಗೆ. ನನ್ನ ಸೊಂಟ ಕಟಕಟ ಅಂದಿತು. "ಏಳಿ ಮಾಮಾ, ಆಮೇಲೆ ನಿಮ್ಮನ್ನ ಎತ್ತೋಕೆ ನಾಲ್ಕು ಜನ ಬೇಕಾಗುತ್ತೆ," ಎಂದು ಕೆಲಸವನ್ನೇ ಕಿತ್ತುಕೊಂಡಳು. ಮರುದಿನವೂ ಅವಳೇ ಜೋಡಿಸಿದಳು. ನಾನು ಏನೂ ಕೇಳಲಿಲ್ಲ. ಇವತ್ತು ಅವಳೇ ಕೇಳಿದಳು, ಯಾಕೆ ಹೊರಮುಖ ಅಂತ. ಹೊರಡೋರಿಗೆ ಅನುಕೂಲ ಆಗಲಿ ಅಂತ, ಎಂದೆ. ಒಂದು ಜೋಡಿಯನ್ನು ಕೈಯಲ್ಲೇ ಹಿಡಿದು ಕೂತಳು. "ಹೋದ ರಂಜಾನ್ ಹಬ್ಬಕ್ಕೆ ಅಮ್ಮನ್ನ ಕಳಿಸು ಅಂತ ದೇವರನ್ನ ದಿನಾ ಕೇಳ್ದೆ ಮಾಮಾ. ಕಳಿಸಲಿಲ್ಲ. ಇನ್ನು ಅವನ ಹತ್ತಿರ ಮಾತಿಲ್ಲ."

ಉಪದೇಶಕ್ಕೆ ಬಾಯಿ ತೆರೆದೆ, ಮುಚ್ಚಿದೆ. ನನಗದು ಎಷ್ಟು ಕಷ್ಟ ಅಂತ ನಿನಗೆ ಗೊತ್ತು! "ಸಿಟ್ಟಿದ್ರೆ ಸಿಟ್ಟೇ ಹೇಳು. ಅವನಿಗೇ ಹೇಳು," ಎಂದಷ್ಟೇ ಹೇಳಿ ಒಳಗೆ ಹೋದೆ. ನಮಾಜು ಮುಗಿಸಿ ತಿರುಗಿದರೆ ಹುಡುಗಿಯರ ಕೊನೆಯ ಸಾಲಿನಲ್ಲಿ ಅವಳಿದ್ದಳು, ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಇಂದಾ ಟೀಚರ್, ಏನೂ ಕಾಣದವರ ಹಾಗೆ ತಮ್ಮ ಕರವಸ್ತ್ರ ಅವಳತ್ತ ಸರಿಸುತ್ತಿದ್ದರು.

ನಿನ್ನ ಮಂಡಿಗೂ ಆ ಅಜ್ಜಿಯ ನಾಲಿಗೆಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ ತಮ್ಮ,
ಮುಖ್ಲಾಸ್

ತಾ.ಕ.: ಲಕೋಟೆ ಅಂಟಿಸಲು ಎದ್ದವನು ಬಾಗಿಲ ಬಳಿ ನಿಂತುಬಿಟ್ಟೆ. ನೀನು ಬಿಟ್ಟುಹೋದ ಹಸಿರು ಚಪ್ಪಲಿಯನ್ನು ಕಿನಾಂತಿ ತೊಳೆದು ಹೊಸ್ತಿಲ ಹೊರಗೆ ಇಟ್ಟಿದ್ದಾಳೆ. ಮುಖ ಒಳಕ್ಕೆ, ಈಗಷ್ಟೇ ಯಾರೋ ಬಿಚ್ಚಿಟ್ಟು ಮನೆಯೊಳಗೆ ಬಂದ ಹಾಗೆ. ಅಕ್ಕಾ, ಈ ಹಬ್ಬಕ್ಕೆ ಹೇಗಾದರೂ ರಜೆ ಕೇಳು.