ಬಾಗಿಲಲ್ಲಿ ಓದಿದ ಹದಿನಾಲ್ಕು ಸಾಲು

ವಿಜಯಪುರ
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಜಾನಕೀಬಾಯಿ ಅವರಿಗೆ,

ನಿಮ್ಮ ಮನೆಗೆ ಪೇಪರ್ ಹಾಕುವ ಆಶಾಬಿಯ ಸಲಾಮು. ಹದಿನೆಂಟು ವರ್ಷ ದಿನಾ ಬಾಗಿಲಿಗೆ ಬಂದವಳು ಈಗ ಪತ್ರ ಬರೆಯುತ್ತಾಳಲ್ಲ ಎಂದು ನಿಮಗೆ ನಗು ಬರಬಹುದು. ನಿನ್ನೆ ಹೇಳಿಯೇ ಬಿಡೋಣವೆಂದು ಸಿದ್ಧೇಶ್ವರ ಗುಡಿಯ ಹಿಂದಿನ ನಿಮ್ಮ ಓಣಿಯವರೆಗೆ ಬಂದೆ. ತಿರುವಿನಿಂದಲೇ ಹಿಂದಿರುಗಿದೆ. ಅದಕ್ಕೇ ಇದನ್ನು ನಿಮ್ಮ ಸೊಸೆ ಧನಶ್ರೀಯ ಕೈಯಲ್ಲಿ ಕೊಡುತ್ತೇನೆ, ಅವಳು ಓದಿ ಹೇಳಲಿ. ಇದು ನನ್ನ ಜೀವನದ ಮೊದಲ ಪತ್ರ. ನನ್ನ ಕನ್ನಡ ಪೇಪರ್ ಓದಿ ಕಲಿತದ್ದು, ಎಲ್ಲಾದರೂ ಸಂಪಾದಕೀಯದ ಹಾಗೆ ಕೇಳಿಸಿದರೆ ತಪ್ಪು ನಿಮ್ಮದು, ಕಲಿಸಿದವರು ನೀವು.

ಮೊದಲು ಸಣ್ಣ ಸುಳ್ಳು ಹೇಳಿಬಿಡುತ್ತೇನೆ. ಮೂರು ದಿನದಿಂದ ಜ್ವರ ಎಂದು ಹೇಳಿ ಕಳಿಸಿದೆನಲ್ಲ, ಜ್ವರವಿಲ್ಲ, ಏನೂ ಇಲ್ಲ, ಗಟ್ಟಿಯಾಗಿದ್ದೇನೆ.

ದೊಡ್ಡ ಸುಳ್ಳು ಇದು. ಈ ತಿಂಗಳ ಒಂದನೇ ತಾರೀಖಿಗೇ ನಮ್ಮ ಪೇಪರ್ ಹಾಕುವ ಲೈನ್ ನಿಂತಿದೆ. ಹಿಂದಿನ ದಿನ ಏಜೆಂಟ್ ರಾಜಾರಾಮ ಫೋನ್ ಮಾಡಿ, "ಆಶಾಬಿ, ಇಪ್ಪತ್ಮೂರು ಪೇಪರಿಗೆ ಬಂಡಲ್ ಕಟ್ಟೂದು ಆಗೂದಿಲ್ಲವಾ, ಸಿಟ್ಟಾಗಬ್ಯಾಡ" ಎಂದರು. ಅವರ ಮೇಲೆ ಏನು ಸಿಟ್ಟಾಗಲಿ? ನನ್ನ ಯಜಮಾನರು ದಾವಲಸಾಬರ ಕಾಲದಲ್ಲಿ ಇದೇ ಲೈನಿನಲ್ಲಿ ಮುನ್ನೂರು ಮನೆಗಳಿದ್ದವು. ತಿಕೋಟಾ ಮತ್ತು ಬಬಲೇಶ್ವರದ ಬಂಡಲುಗಳನ್ನು ಮೊದಲ ಬಸ್ಸಿಗೆ ಹಾಕಿ ಬಂದ ಮೇಲೆ ಈ ಮನೆಗಳ ಕೆಲಸ. ಕೊರೊನಾ ಆದ ಮೇಲೆ ಬಬಲೇಶ್ವರದ್ದು ಹೋಯಿತು, ಹೋದ ವರ್ಷ ತಿಕೋಟಾದ್ದು. ನಿಮ್ಮದೊಂದು ಬಿಟ್ಟು ಉಳಿದ ಇಪ್ಪತ್ತೆರಡು ಮನೆಗೆ ಹೋಗಿ ನಾಳೆಯಿಂದ ಪೇಪರ್ ಇಲ್ಲ ಎಂದು ಹೇಳಿ ಬಂದೆ. ಎಲ್ಲರೂ ಹೂಂ ಎಂದರು. ಒಬ್ಬರಂತೂ, "ಇನ್ನೂ ಬರ್ತಿತ್ತೇನು?" ಎಂದು ಕೇಳಿದರು. ಹದಿನೆಂಟು ವರ್ಷ ಅವರ ಗೇಟಿಗೆ ಸಿಕ್ಕಿಸಿದ್ದು ನಾನೇ.

ನಿಮ್ಮ ಬಾಗಿಲಲ್ಲಿ ಮಾತ್ರ ಬಾಯಿ ಬರಲಿಲ್ಲ. ಪೇಪರ್ ಇಲ್ಲದಿದ್ದರೆ ನಾನು ಬೆಳಿಗ್ಗೆ ಆರೂವರೆಗೆ ಯಾವ ನೆಪ ಹೇಳಿ ನಿಮ್ಮ ಕಟ್ಟೆಯ ಮೇಲೆ ಕೂರಲಿ? ಮರುದಿನ ಹಳೆಯ ಪೇಪರೊಂದನ್ನು ಮಡಚಿಕೊಂಡು ಬಂದೆ. ಮನೆಯಲ್ಲಿ ಮಗಳು ತಬಸ್ಸುಮ ಫೋನಿನಲ್ಲಿ ಸುದ್ದಿ ತೋರಿಸಿದ್ದಳು, ಅದನ್ನೇ ನೆನಪಿಟ್ಟುಕೊಂಡು ಹಳೆಯ ಹಾಳೆ ಹಿಡಿದು ಓದಿದೆ. ನಿಮಗೆ ಈಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ, ನನ್ನ ಧೈರ್ಯ ಅದೇ. ಧನಶ್ರೀ ಚಹಾ ತಂದವಳು ತಾರೀಖು ನೋಡಿದಳು, ನನ್ನ ಮುಖ ನೋಡಿದಳು, ಚಹಾ ಇಟ್ಟು ಒಳಗೆ ಹೋದಳು. ನಿಮಗೆ ಹೇಳದಿದ್ದಕ್ಕೆ ಅವಳನ್ನು ಬೈಯಬೇಡಿ.

ಬಾಯಾರೇ, ಹದಿನೆಂಟು ವರ್ಷದ ಹಿಂದಿನ ಆ ದೀಪಾವಳಿ ನಿಮಗೆ ನೆನಪಿದೆಯೇ? ದಾವಲಸಾಬರು ಸೈಕಲ್ಲಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು, ನಾನು ಲೈನ್ ಹಿಡಿದು ಎರಡು ತಿಂಗಳಾಗಿತ್ತು. ನನಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ, ಯಾರಿಗೂ ಗೊತ್ತಾಗದ ಹಾಗೆ ನಡೆಸಿದ್ದೆ. ಮೇಲಿನ ಹೆಸರಿನ ಬಣ್ಣ ಮತ್ತು ಆಕಾರ ನೋಡಿ ಯಾವ ಪೇಪರ್ ಯಾವ ಮನೆಗೆ ಎಂದು ವಿಂಗಡಿಸುತ್ತಿದ್ದೆ. ಆ ದಿನ ನೋಡಿದರೆ ಎಲ್ಲ ಪೇಪರುಗಳ ಮುಖಪುಟದ ತುಂಬ ಒಂದೇ ಬಂಗಾರದ ಅಂಗಡಿಯ ಜಾಹೀರಾತು. ಹೆಸರು ಒಳಗಿನ ಪುಟಕ್ಕೆ ಹೋಗಿತ್ತು. ದೇವರ ಮೇಲೆ ಭಾರ ಹಾಕಿ ಕೈಗೆ ಬಂದದ್ದನ್ನು ಹಾಕುತ್ತ ಹೋದೆ. ಅರ್ಧ ಓಣಿ ಬೈಯಿತು. ನೀವು ಬೈಯಲಿಲ್ಲ. ಮರುದಿನ ಬಾಗಿಲಲ್ಲಿ ನಿಂತು, "ಆಶಾಬಿ, ನನ್ನ ಚಾಳೀಸು ಕಳದದ. ಈ ದಪ್ಪ ಅಕ್ಷರ ಏನವ ನೋಡಿ ಹೇಳು" ಎಂದಿರಿ. ನಾನು ಪೇಪರನ್ನು ಅತ್ತ ಇತ್ತ ತಿರುಗಿಸಿದೆ. "ಮೊದಲನೇ ಅಕ್ಷರದ್ದು ಆಕಾರ ಹೇಳು, ಉಳಿದದ್ದು ನಾ ಹೇಳ್ತೀನಿ" ಎಂದಿರಿ.

ಹಾಗೆ ಒಂದು ದಿನಕ್ಕೆ ಒಂದು ಅಕ್ಷರ, ಆಮೇಲೆ ಒಂದು ಸಾಲು. ಒಂಬತ್ತು ತಿಂಗಳು ನಿಮ್ಮ ಚಾಳೀಸು, ಆ ಓದುವ ಕನ್ನಡಕ, ಸಿಗಲೇ ಇಲ್ಲ. ಒಂದು ಮಧ್ಯಾಹ್ನ ನಿಮ್ಮ ಓಣಿಯಲ್ಲಿ ಹಾಯುವಾಗ ನೀವು ಕಟ್ಟೆಯ ಮೇಲೆ ಕೂತು ಬರಿಗಣ್ಣಿನಿಂದ ಸೂಜಿಗೆ ದಾರ ಪೋಣಿಸುವುದನ್ನು ಕಂಡೆ. ಕೋಪ ನೆತ್ತಿಗೇರಿತು. ನನ್ನನ್ನು ಪಾಪದವಳೆಂದು ನಾಟಕ ಆಡಿದರಲ್ಲ ಎಂದು ನಾಲ್ಕು ದಿನ ಪೇಪರನ್ನು ಗೇಟಿನಿಂದಲೇ ಎಸೆದು ಹೋದೆ. ಐದನೇ ದಿನ ನೀವು ಗೇಟಿಗೇ ಬಂದು ನಿಂತು, "ಸಿಟ್ಟು ಇಳೀತೇನು? ಮಮದಾಪುರದ ಕೆರಿ ಸುದ್ದಿ ಅರ್ಧಾಕ್ಕ ಬಿಟ್ಟೀದಿ, ಅದು ತುಂಬಿತೋ ಇಲ್ಲೋ ನನಗ ಗೊತ್ತಾಗಬೇಕು" ಎಂದಿರಿ. ನಕ್ಕುಬಿಟ್ಟೆ. ಕೂತು ಓದಿದೆ.

ದಾವಲಸಾಬರ ಎರಡನೇ ಆಪರೇಷನ್ನಿಗೆ ಕಾಗದ ಮುಂದಿಟ್ಟು ಸಹಿ ಮಾಡು ಎಂದಾಗ, ತಡೆಯಿರಿ, ಓದುತ್ತೇನೆ ಎಂದವಳು ನಾನು. ಡಾಕ್ಟರು ಕುರ್ಚಿ ಕೊಟ್ಟರು. ಅವತ್ತು ಬಂದು ನಿಮಗೆ ಕೈಮುಗಿಯಬೇಕೆಂದಿದ್ದೆ. ನಾಚಿಕೆಯಾಯಿತು. ಈಗ ಮುಗಿಯುತ್ತೇನೆ. ನನಗೆ ಹೆತ್ತವರು ಕೊಡದಿದ್ದದ್ದನ್ನು ನೀವು ಕೊಟ್ಟಿರಿ, ಕೊಟ್ಟದ್ದು ಗೊತ್ತಾಗದ ಹಾಗೆ ಕೊಟ್ಟಿರಿ.

ಅಂಥವರಿಗೆ ಸೋಮವಾರ ನಾನು ಮಾಡಿದ್ದು ನೋಡಿ. ನಿಮ್ಮ ಅಣ್ಣ ವೇದವ್ಯಾಸ ಮಾಸ್ತರರು ತೀರಿಕೊಂಡು ಹತ್ತು ದಿನವಾಗಿತ್ತು. "ಇವತ್ತಿನ ಪೇಪರಿನಾಗ ಅಣ್ಣಂದು ಶ್ರದ್ಧಾಂಜಲಿ ಬಂದಿರಬೇಕು, ಹುಡುಕು" ಎಂದಿರಿ. ನನ್ನ ಕೈಯಲ್ಲಿ ಇದ್ದದ್ದು ಎರಡು ತಿಂಗಳ ಹಿಂದಿನ ಹಾಳೆ. ಇಲ್ಲ ಎನ್ನಬಹುದಿತ್ತು. ನಿಮ್ಮ ಮುಖ ನೋಡಿ ಬಂದಿದೆ ಎಂದೆ, ಓದಲು ಶುರುಮಾಡಿದೆ. ಅವರು ಮಮದಾಪುರದ ಕೆರೆಯ ಏರಿಯ ಮೇಲೆ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದರು, ಆ ಶಾಲೆಯಲ್ಲಿ ಅವಳೊಬ್ಬಳೇ ಹೆಣ್ಣುಮಗಳು, ಯಾರಾದರೂ ನಕ್ಕರೆ ಅವರ ಸ್ಲೇಟು ಒಡೆದು ಬರುತ್ತಿದ್ದರು, ಮುಪ್ಪಿನಲ್ಲೂ ಪ್ರತಿ ಸಂಕ್ರಾಂತಿಗೆ ಬಸ್ಸಿನಲ್ಲಿ ಬೋರೆಹಣ್ಣಿನ ಗಂಟು ತರುತ್ತಿದ್ದರು. ಹೀಗೆ ಹದಿನಾಲ್ಕು ಸಾಲು. ಎಲ್ಲ ನೀವೇ ನನಗೆ ಹೇಳಿದ್ದು. ನೀವು ಕಣ್ಣೊರೆಸಿಕೊಂಡು, "ಅದನ್ನ ಕತ್ತರಿಸಿ ಕೊಡು, ನನ್ನ ಕಡೆ ಇರಲಿ" ಎಂದಿರಿ. ನಾಳೆ ತರುತ್ತೇನೆ ಎಂದು ಓಡಿದೆ.

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸೋಮವಾರದ ಪೇಪರ್ ಮುಗಿದಿತ್ತು. ಬಬಲೇಶ್ವರದ ಬಸ್ ಹತ್ತಿದೆ. ಮೊದಲು ನಮ್ಮ ಬಂಡಲ್ ಇಳಿಯುತ್ತಿದ್ದ ಚಹಾದಂಗಡಿಯ ಮಹಾದೇವ ಇನ್ನೂ ಒಂದು ಪೇಪರ್ ತರಿಸುತ್ತಾನೆ. ಅವನ ಮಿರ್ಚಿ ಭಜಿ ಕಟ್ಟುವ ಹಾಳೆಗಳಲ್ಲಿ ಹುಡುಕಿ ಸಿಕ್ಕಿತು. ಇದರೊಳಗೆ ಇಟ್ಟಿದ್ದೇನೆ, ಎಣ್ಣೆಯ ಕಲೆಯಿದೆ, ಕ್ಷಮಿಸಿ. ಬಾಯಾರೇ, ಅದರಲ್ಲಿ ಇರುವುದು ನಾಲ್ಕೇ ಸಾಲು. ಹೆಸರು, ವಯಸ್ಸು, ಉತ್ತರಕ್ರಿಯೆಯ ತಾರೀಖು, ದುಃಖತಪ್ತ ಕುಟುಂಬ ವರ್ಗ. ಕೆರೆಯ ಏರಿಯೂ ಇಲ್ಲ, ಬೋರೆಹಣ್ಣೂ ಇಲ್ಲ.

ನಿಮ್ಮ ಕಣ್ಣು ಹೋದದ್ದನ್ನು ಬಳಸಿಕೊಂಡು ನಿಮ್ಮ ದುಃಖದ ವಿಷಯದಲ್ಲೂ ಸುಳ್ಳು ಓದಿದೆ. ಇನ್ನು ಬರಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಕೈಯಲ್ಲಿ ಪೇಪರ್ ಇಲ್ಲದೆ ಬರುತ್ತೇನೆ.

ನಿಮ್ಮ ಋಣದಲ್ಲಿರುವ,
ಆಶಾಬಿ ದಾವಲಸಾಬ

ತಾ.ಕ.: ಈ ಕೊನೆಯ ಮಾತನ್ನು ನಿಮ್ಮ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಸ್ನಾನಕ್ಕೆ ಹೋಗಿದ್ದೀರಿ. ಪತ್ರ ಕೊಡಲು ಬಂದರೆ ಧನಶ್ರೀ, "ಅತ್ತ್ಯಾರಿಗೆ ಎಲ್ಲಾ ಗೊತ್ತದರೀ" ಎಂದಳು. ಸೋಮವಾರ ನಾನು ಬರುವ ಮೊದಲೇ ನಿಮ್ಮ ಮಗ ಸುಶೀಲೇಂದ್ರ ಅವರು ಫೋನಿನಲ್ಲಿ ನೋಡಿ ಆ ನಾಲ್ಕು ಸಾಲು ಓದಿ ಹೇಳಿದ್ದರಂತೆ. ಮತ್ತೆ ಕತ್ತರಿಸಿ ಕೊಡು ಎಂದದ್ದು ಯಾಕೆ ಎಂದು ಕೇಳಿದೆ. ನೀವು ಅವಳಿಗೆ, "ನನಗ ಆಕಿ ಓದಿದ್ದು ಬೇಕು. ಬರದು ಕೊಡು ಅಂದ್ರ, ನನಗೆಲ್ಲಿ ಬರಿಲಿಕ್ಕೆ ಬರತದ ಅಂತ ಹಟಾ ಹಿಡೀತಾಳ. ಅದಕ್ಕ ಕತ್ತರಿಸಿ ಕೊಡು ಅಂದೆ" ಎಂದಿರಂತೆ. ಹದಿನಾಲ್ಕೂ ಸಾಲನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ, ಮಾಸ್ತರರ ಹೆಸರು ಮೇಲೆ ದಪ್ಪ ಅಕ್ಷರದಲ್ಲಿದೆ. ಅದನ್ನು ಧನಶ್ರೀ ಓದಬಾರದು. ನಾಳೆ ಆರೂವರೆಗೆ ಬಂದು ನಾನೇ ಓದುತ್ತೇನೆ.