ಪಾಲಿಶ್ ಹಚ್ಚಿದ ಮಂಚ

ಕಾಪು
ಶನಿವಾರ, ಮಧ್ಯಾಹ್ನದ ನಮಾಜಿನ ನಂತರ

ಶಮ್ನಾ ಮಗಳೇ,

ಅಸ್ಸಲಾಮು ಅಲೈಕುಂ. ಸಲಾಂ ಹೇಳಿದಳು, ಸಿಟ್ಟು ಇಳಿದಿರಬೇಕು ಎಂದು ತಿಳಿಯಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅದನ್ನು ಸ್ಪೀಕರಿಗೆ ಹಾಕಿ, ಮರ ಉಜ್ಜುತ್ತಾ ಮಾತನಾಡುವವಳು. ಇದು ನಿನ್ನ ಮರಗೆಲಸದ ಕೊಟ್ಟಿಗೆಯಲ್ಲಿದ್ದವರೆಲ್ಲ ಕೇಳುವ ಮಾತಲ್ಲ. ನಾಳೆ ನಿನ್ನ ತಮ್ಮ ಶಿಹಾಬ್ ಈ ಕಾಗದ ತರುತ್ತಾನೆ. ನಾಲ್ಕನೆಯ ಕ್ಲಾಸಿನವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊನ್ನೆ ಮಣಿಪಾಲದಲ್ಲಿ ನಿನ್ನ ಮೇಜು ಕುರ್ಚಿಯ ಸ್ಟುಡಿಯೊ ಶುರುವಾದ ದಿನ ನಾನು ಬಿರಿಯಾನಿ ಮುಟ್ಟದೆ ಎದ್ದು ಬಂದೆ. ಹೆಣ್ಣುಹುಡುಗಿ ಆಚಾರಿ ಕೆಲಸಕ್ಕಿಳಿದದ್ದು ಮುದುಕಿಗೆ ಸಹಿಸಲಾಗಲಿಲ್ಲ ಎಂದು ನಿನ್ನ ಮಾಮಿ ಬಸ್ಸಿನಲ್ಲೇ ಸಾರಿದಳಂತೆ. ಅವಳ ನಾಲಿಗೆಗೆ ನಿನ್ನ ಮರ ಕೀಸುವ ಕೀಸುಳಿ ಹಾಕು. ಈ ಜಮಾಅತಿನಲ್ಲಿ ತೀರಿಹೋದ ಹೆಂಗಸರನ್ನೆಲ್ಲ ಇಷ್ಟು ಕಾಲ ಮೀಯಿಸಿದವಳು ನಾನು. ಮಯ್ಯತ್ ಮುಟ್ಟಿದ ಕೈ ಇದು. ನಿನ್ನ ಕೈಗೆ ಮರದ ಹುಡಿ ಹತ್ತಿದರೆ ನನಗೆಂತ ಹೇಸಿಗೆ?

ಹೇಸಿಗೆ ಬಂದದ್ದು ಬೇರೆಯದಕ್ಕೆ. ಬಾಗಿಲಿನ ಎದುರೇ ಕಾಫಿ ಟೇಬಲ್ ಎಂದು ಇಟ್ಟಿದ್ದೀಯಲ್ಲ, ಅದು ಕಾಫಿ ಟೇಬಲ್ ಅಲ್ಲ ಮಗಳೇ. ನಮ್ಮ ಮಸೀದಿಯಲ್ಲಿ ಹೆಂಗಸರ ಮಯ್ಯತ್ ಮೀಯಿಸುತ್ತಿದ್ದ ಮಂಚ.

ಈಗ ಸ್ವಲ್ಪ ಕುಳಿತುಕೋ. ನೀರು ಕುಡಿ.

ನಿನ್ನ ಕೆಲಸದ ಜೊತೆಗಾರ ರೊಸಾರಿಯೊ ಕಾರ್ಕಳದ ಗುಜರಿ ಅಂಗಡಿಯಲ್ಲಿ ಕಂಡು ತಂದದ್ದಂತೆ. ಒಳ್ಳೆಯ ಹಲಸಿನ ಮರ ಎಂದು ಇಬ್ಬರೂ ಕುಣಿದಿರಿ. ಅದರ ಕಾಲು ಕೊಯ್ದು ಗಿಡ್ಡ ಮಾಡಿದಿರಿ, ಕನ್ನಡಿಯ ಹಾಗೆ ಪಾಲಿಶ್ ಹೊಡೆದಿರಿ. ಸುತ್ತಲೂ ಕಾಲುವೆ ಯಾಕೆ, ತುದಿಯಲ್ಲಿ ತೂತು ಯಾಕೆ ಎಂದು ಒಬ್ಬರಿಗಾದರೂ ಅನಿಸಲಿಲ್ಲವಾ? ನೀನು ಬಂದವರಿಗೆಲ್ಲ ಹೇಳುತ್ತಿದ್ದೆ, ಇದು ಹಿಂದಿನವರು ಹಲಸಿನ ಹಣ್ಣು ಬಿಡಿಸುತ್ತಿದ್ದ ಮೇಜು, ಮೇಣ ಹರಿದು ಹೋಗಲಿಕ್ಕೆ ಕಾಲುವೆ ಉಂಟು ನೋಡಿ ಎಂದು. ಹಲಸಿನ ಮೇಣ ಎಲ್ಲಿಯಾದರೂ ಹರಿಯುತ್ತದಾ ಮಾರಾಯ್ತಿ? ಒಂದು ಹಣ್ಣು ಸ್ವಂತ ಕೈಯಿಂದ ಬಿಡಿಸಿದವಳಾದರೆ ಹಾಗೆ ಹೇಳುತ್ತಿರಲಿಲ್ಲ.

ಅದರ ಮೇಲೆ ಪಫ್ಸ್ ಇಟ್ಟಿರಿ. ಜ್ಯೂಸ್ ಚೆಲ್ಲಿದಿರಿ. ಯಾರದೋ ಮಗು ಆ ಕಾಲುವೆಯಲ್ಲಿ ಚಟ್ನಿ ಸುರಿದು ಪಫ್ಸ್ ಅದ್ದಿ ತಿಂದಿತು. ಸಾಲದ್ದಕ್ಕೆ ಚಡ್ಡಿ ಹಾಕಿದ ಒಬ್ಬಳು ಕಾಲೇಜು ಹುಡುಗಿ ಅದರ ಮೇಲೆ ಉದ್ದಕ್ಕೆ ಮಲಗಿ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಕಟ್ಟಿ ಫೋಟೊ ತೆಗೆಸಿಕೊಂಡಳು. ಅದೂ ತಲೆ ಇಡುವ ಕಡೆ ಕಾಲು ಹಾಕಿ! ನೀರು ಇಳಿಯುವ ತೂತಿನ ಮೇಲೆ ಅವಳ ತಲೆ. ನಾನು ಎದ್ದದ್ದು ಆಗ.

ನನಗೆ ಭ್ರಮೆ ಎನ್ನಬೇಡ. ತಲೆಯ ಕಡೆ, ಎಡಗಡೆಯ ಅಂಚಿನಲ್ಲಿ ಒಂದು ದುಂಡನೆಯ ಸುಟ್ಟ ಕಲೆ ಉಂಟು. ಪರಿಮಳಕ್ಕೆ ಹೊಗೆ ಹಾಕುವ ಲೋಬಾನದ ಕೆಂಡ ಬಿದ್ದು ಆದದ್ದು. ಆಗ ನಾನು ಅಲ್ಲಿದ್ದೆ. ನೀನು ಪಾಲಿಶಿನಲ್ಲಿ ಮುಚ್ಚಿದರೂ ನನ್ನ ಬೆರಳಿಗೆ ಗೊತ್ತಾಯಿತು.

ಅದು ಗುಜರಿಗೆ ಹೋದ ಕಥೆಯೂ ಹೇಸಿಗೆಯದೇ. ನಮ್ಮ ಜಮಾಅತಿನ ಝುಬೈರ್ ದುಬೈಯಿಂದ ಬಂದು ಮಸೀದಿಗೆ ಸ್ಟೀಲಿನ ಮಂಚ ಕೊಡಿಸಿದ, ಫೋಟೊ ತೆಗೆಸಿಕೊಂಡ. ಹಳೆಯದನ್ನು ಕಮಿಟಿಯವರು ಕೇಳದೆ ಹೇಳದೆ ಸಾಗಹಾಕಿದರು. ಆ ಸ್ಟೀಲನ್ನು ನೀನು ನೋಡಬೇಕು. ಮಲ್ಪೆಯಲ್ಲಿ ಮೀನು ಕೊಯ್ಯುವ ಮೇಜಿನ ಹಾಗೆ ಉಂಟು. ಬೆಳಿಗ್ಗೆ ಮುಟ್ಟಿದರೆ ಬರ್ಫ. ಚೆಂಬು ತಾಗಿದರೆ ಟಣ್ ಎನ್ನುತ್ತದೆ, ಮದುವೆಮನೆಯಲ್ಲಿ ಪಾತ್ರೆ ತೊಳೆದ ಹಾಗೆ. ತೀರಿಹೋದವಳನ್ನು ಮೆಲ್ಲಗೆ ಮುಟ್ಟಬೇಕು, ಬಿಸಿ ಹದವಾಗಿರಬೇಕು, ನೋವಾಗಬಾರದು. ನಮಗೆ ಕಲಿಸಿದ್ದು ಹಾಗೆ. ಹೇಳಿದರೆ ಝುಬೈರ್ ನಗುತ್ತಾನೆ. ಮಯ್ಯತಿಗೆ ಚಳಿ ಆಗುತ್ತದಾ ಅಜ್ಜೀ ಎಂದು ಕೇಳಿದ. ನಿನ್ನ ಸರದಿ ಬರಲಿ, ಆಗ ಹೇಳು ಎಂದೆ.

ಈಗ ಕೆಲಸದ ಮಾತು. ಸೋಮವಾರ ಟೆಂಪೊ ಬಂದು ಅದನ್ನು ಆ ಕ್ಯಾರಲ್ ಎಂಬವಳ ಕಾಫಿ ಅಂಗಡಿಗೆ ಒಯ್ಯುತ್ತದಂತೆ. ಕೊಡಬೇಡ. ನಿನ್ನ ಮೊದಲ ವ್ಯಾಪಾರ ಎಂದು ನನಗೆ ಗೊತ್ತುಂಟು. ಆದರೂ ಕೊಡಬೇಡ. ಹರಾಮೋ ಹಲಾಲೋ ಮಸೀದಿಯ ಉಸ್ತಾದರು ಹೇಳಲಿ, ನನಗೆ ಅಷ್ಟು ಓದಿಲ್ಲ. ನಮ್ಮ ಊರಿನ ಹೆಂಗಸರು ಕೊನೆಯ ಸಲ ಮಲಗಿದ ಜಾಗದಲ್ಲಿ ಜನ ಕೇಕ್ ತಿಂದು ಬಾಯಿ ಒರೆಸಿಕೊಳ್ಳಬಾರದು, ಅಷ್ಟೇ. ಕ್ಯಾರಲ್‌ಗೆ ಬೇರೆ ಮಾಡಿಕೊಡು. ಇದನ್ನು ಒಡೆದು ಮಣ್ಣಿನಲ್ಲಿ ಹೂತು ಹಾಕು. ನಿನಗೆ ಕೈ ಬಾರದಿದ್ದರೆ ಕೊಡಲಿ ಹಿಡಿದು ನಾನೇ ಬರುತ್ತೇನೆ. ಬಸ್ಸಿನಲ್ಲಿ ಮಾಮಿಯೂ ನೋಡಲಿ.

ಇತಿ,
ನಿನ್ನ ಅಜ್ಜಿ
ಖೈರುನ್ನಿಸಾ

ತಾ.ಕ.: ಕಾಗದ ಅಂಟಿಸಿ ಮತ್ತೆ ಬಿಡಿಸಿದೆ. ಒಡೆಯಬೇಡ.

ಆ ಸುಟ್ಟ ಕಲೆ ನಿನ್ನ ಉಮ್ಮನನ್ನು, ನನ್ನ ಮಗಳು ಶಮೀಮಾಳನ್ನು, ಮೀಯಿಸಿದ ದಿನದ್ದು. ನೀನು ಆಗ ಪಕ್ಕದ ಮನೆಯಲ್ಲಿ ಬನ್ಸ್ ತಿನ್ನುತ್ತಿದ್ದ ಮಗು. ಬೇರೆಯವರು ಮೀಯಿಸುತ್ತೇವೆ ಎಂದರು, ನಾನು ಬಿಡಲಿಲ್ಲ. ಶಮೀಮಾಳ ತಲೆಗೆ ನೀರು ಹಾಕುವಾಗ ನನ್ನ ಮೊಣಕೈ ತಾಗಿ ಲೋಬಾನದ ಪಾತ್ರೆ ಮಗುಚಿತು. ಮಗಳು ಮಲಗಿದ ಮರದ ಮೇಲೆ ನಾನೂ ಮಲಗಬೇಕು. ಆ ಮೀನಿನ ಮೇಜು ನನಗೆ ಬೇಡ.

ಅದಕ್ಕೆ ಅದನ್ನು ನನ್ನ ಮನೆಗೆ ತಾ, ಹಿಂದಿನ ಬಾಗಿಲಿನಿಂದ. ಕಮಿಟಿಯವರನ್ನು ನಾನು ನೋಡಿಕೊಳ್ಳುತ್ತೇನೆ. ಕೊಯ್ದ ಕಾಲು ಮೊದಲಿನಷ್ಟೇ ಎತ್ತರಕ್ಕೆ ಜೋಡಿಸು, ಇಲ್ಲದಿದ್ದರೆ ಮೀಯಿಸುವವರ ಸೊಂಟ ಹೋಗುತ್ತದೆ. ಜೋಡಣೆ ನೀನೇ ಮಾಡು, ರೊಸಾರಿಯೊ ಬೇಡ. ಮೊನ್ನೆ ಎಲ್ಲರೂ ಫೋಟೊ ತೆಗೆಯುವಾಗ ನಿನ್ನ ಕುರ್ಚಿಗಳ ಅಡಿಗೆ ಕೈ ಹಾಕಿ ನೋಡಿದ್ದೇನೆ, ಎಲ್ಲಿಯೂ ಅಲುಗುವುದಿಲ್ಲ. ಮತ್ತೆ ಆ ಪಾಲಿಶ್ ಪೂರ್ತಿ ಉಜ್ಜಿ ತೆಗೆ. ಸೋಪು ಹಾಕಿದಾಗ ನಾನು ಜಾರಿ ಕೆಳಗೆ ಬಿದ್ದರೆ ನಿನ್ನ ಮಾಮಿ ಅದನ್ನೂ ಬಸ್ಸಿನಲ್ಲಿ ಹೇಳುತ್ತಾಳೆ.